ಈ ಪದಕಗಳ ಒಡೆಯ ಯಾರು?

1914ರ ನವೆಂಬರ್ ಮೊದಲ ವಾರ ಇಂದಿನ ಟಾಂಜಾನಿಯಾದ ಟಾಂಗಾ ಬಂದರಿಗೆ ಭಾರತದಿಂದ ಹೊರಟ ಹಡಗುಗಳು ಬಂದು ನಿಂತವು. ಇಳಿದವರು ಸುಮಾರು ಎಂಟು ಸಾವಿರ ಮಂದಿ. ಅವರಲ್ಲಿ ಒಂದು ಪಾಲಿನ ಹೆಸರು 27ನೇ ಬೆಂಗಳೂರು ಬ್ರಿಗೇಡ್. ಆಗ ಆ ನಾಡು ಜರ್ಮನಿಯ ವಸಾಹತು. ಎದುರಿಗೆ ಕಾದಿದ್ದ ಪಡೆ ಸಾವಿರದ ಆಸುಪಾಸು, ಅದರಲ್ಲಿಯೂ ಬಹುಪಾಲು ಆಸ್ಕರಿಗಳೆಂದು ಕರೆಸಿಕೊಳ್ಳುತ್ತಿದ್ದ ಆಫ್ರಿಕನ್ ಸಿಪಾಯಿಗಳು. ಆದರೂ ಸೋತವರು ಹೋದವರೇ. ಗುಂಡಿನ ಸದ್ದಿಗೆ ಕೆರಳಿದ ಜೇನುಹುಳುಗಳೂ ಮೇಲೆರಗಿದವು. ಮಷೀನ್‌ಗನ್ನು, ಮದ್ದುಗುಂಡುಗಳನ್ನು ಅಲ್ಲೇ ಬಿಟ್ಟು ಉಳಿದವರು ಮತ್ತೆ ಹಡಗು ಹತ್ತಿದರು.

ಕದನದ ಕಥೆ ಅಲ್ಲಿಗಿರಲಿ, ನಮಗೆ ಬೇಕಾದದ್ದು ಆಮೇಲೆ ಸಿಕ್ಕ ಪದಕಗಳು. ಬೆಂಗಳೂರು ಬ್ರಿಗೇಡಿನ ಸಿಪಾಯಿಯೊಬ್ಬನಿಗೆ ಯುದ್ಧ ಮುಗಿದ ಮೇಲೆ ಬಂದ 1914–15ರ ಸ್ಟಾರ್‌ನ ಬೆನ್ನಿನ ಮೇಲೆ ಅವನ ನಂಬರು, ದರ್ಜೆ, ಹೆಸರು, ಪಲ್ಟನ್ನು ಎಲ್ಲವನ್ನೂ ಒತ್ತಿರುತ್ತಿದ್ದರು. ದುಂಡನೆಯ ಬೆಳ್ಳಿಯ ಯುದ್ಧಪದಕದಲ್ಲಿ ಅದೇ ವಿವರ ಅಂಚಿನ ಸುತ್ತ ಇರುತ್ತದೆ. ಅವನೆದುರು ಗುಂಡು ಹಾರಿಸಿದ ಜರ್ಮನ್ ಅಧಿಕಾರಿಗೆ ಐರನ್ ಕ್ರಾಸ್ ಬಂದಿದ್ದರೆ, ಅದರ ಮೇಲೆ ಕಿರೀಟವುಂಟು, ದೊರೆಯ ಹೆಸರಿನ ಮೊದಲಕ್ಷರವುಂಟು, ಇಸವಿಯುಂಟು. ತೊಟ್ಟವನ ಹೆಸರು ಮಾತ್ರ ಇಲ್ಲ. ನೂರು ವರ್ಷದ ನಂತರ ಎರಡೂ ಒಂದೇ ಹರಾಜಿನ ಮೇಜಿನ ಮೇಲೆ ಬಂದು ಕೂತರೆ, ಸಿಪಾಯಿಯದ್ದು ಯಾರದ್ದೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅಧಿಕಾರಿಯದ್ದು ಯಾರದ್ದೆಂದು ಹೇಳಲು ವರ್ಷಗಟ್ಟಲೆ ಹುಡುಕಬೇಕಾಗಬಹುದು. ಹುಡುಕಿದರೂ ಸಿಗದಿರಬಹುದು.

ಬ್ರಿಟಿಷರು ಈ ಅಭ್ಯಾಸವನ್ನು ವಾಟರ್‌ಲೂ ಕದನದ ಪದಕದಿಂದ ಶುರುಮಾಡಿದರು. 1816ರಲ್ಲಿ ಹಂಚಿದ ಆ ಪದಕ ಜನರಲ್‌ನಿಂದ ಹಿಡಿದು ಸಾಮಾನ್ಯ ಸೈನಿಕನವರೆಗೆ ಎಲ್ಲರಿಗೂ ಒಂದೇ ಬಗೆಯದ್ದು, ಎಲ್ಲರದ್ದಕ್ಕೂ ಅಂಚಿನಲ್ಲಿ ಹೆಸರು. ಜರ್ಮನರ ಲೆಕ್ಕ ಬೇರೆ ಇತ್ತು. ಅವರಿಗೆ ಗೌರವದ ದಾಖಲೆ ಇದ್ದದ್ದು ಕಾಗದದಲ್ಲಿ. ಪದಕ ಕೊಟ್ಟಾಗ ಒಂದು ಪ್ರಮಾಣಪತ್ರ, ಸೈನಿಕನ ಸೇವಾಪುಸ್ತಕದಲ್ಲಿ, ಅಂದರೆ ಅವನ ಮಿಲಿಟೇರ್‌ಪಾಸ್‌ನಲ್ಲಿ, ಒಂದು ನಮೂದು. ಅಲ್ಲಿಗೆ ಸರಕಾರದ ಕೆಲಸ ಮುಗಿಯಿತು. ಲೋಹದ ತುಂಡು ಕಳೆದುಹೋದರೆ ಆಭರಣದ ಅಂಗಡಿಯಲ್ಲಿ ಇನ್ನೊಂದು ಕೊಳ್ಳಬಹುದಿತ್ತು. ಅನುಕೂಲಸ್ಥ ಅಧಿಕಾರಿಗಳು ಸಮವಸ್ತ್ರಕ್ಕೊಂದು ಪದಕಗಳ ಸಾಲು, ಔತಣದ ಕೋಟಿಗೆ ಕಿರುಗಾತ್ರದ ಇನ್ನೊಂದು ಸಾಲು ಮಾಡಿಸಿಕೊಳ್ಳುತ್ತಿದ್ದರು. ಹೀಗಾಗಿ ಒಬ್ಬನೇ ಮನುಷ್ಯನ ಎರಡು ಮೂರು ಸಾಲುಗಳು ಇಂದು ಬೇರೆ ಬೇರೆ ಊರುಗಳಲ್ಲಿ ಇರುವುದುಂಟು. ಕಾಗದ ಮಾತ್ರ ಎಲ್ಲೋ ಬೇರ್ಪಟ್ಟಿರುತ್ತದೆ. ಮೊಮ್ಮಕ್ಕಳು ಪೆಟ್ಟಿಗೆ ಖಾಲಿ ಮಾಡುವಾಗ ಹೊಳೆಯುವುದನ್ನು ಮಾರುತ್ತಾರೆ, ಹಳದಿ ಬಿದ್ದ ಕಾಗದವನ್ನು ರದ್ದಿಗೆ ಹಾಕುತ್ತಾರೆ. ನಮ್ಮಲ್ಲಿಯಂತೆ ಜರ್ಮನಿಯಲ್ಲೂ ಹೀಗೆಯೇ.

ಹಾಗಾದರೆ ಹೆಸರಿಲ್ಲದ ಸಾಲಿನಿಂದ ಒಡೆಯನನ್ನು ಹುಡುಕುವುದು ಹೇಗೆ? ಸಾಧ್ಯ, ಯಾಕೆಂದರೆ ಜರ್ಮನ್ ಸಾಮ್ರಾಜ್ಯ ಒಂದು ರಾಜ್ಯವಾಗಿರಲಿಲ್ಲ. 1871ರಿಂದ 1918ರವರೆಗೆ ಅದರಲ್ಲಿ ನಾಲ್ಕು ರಾಜರು, ಅವರ ಕೆಳಗೆ ಗ್ರ್ಯಾಂಡ್ ಡ್ಯೂಕರು, ಡ್ಯೂಕರು, ಸಣ್ಣ ಸಂಸ್ಥಾನಿಕರು, ಇದಲ್ಲದೆ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳು. ಪ್ರಷ್ಯದ ದೊರೆಯೇ ಚಕ್ರವರ್ತಿಯಾಗಿದ್ದರೂ ಬವೇರಿಯಾ, ಸ್ಯಾಕ್ಸನಿ, ವ್ಯೂರ್ಟೆಂಬರ್ಗ್‌ನ ರಾಜರು ತಮ್ಮ ಪದಕ ಕೊಡುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅಂಗೈಯಗಲದ ಸಂಸ್ಥಾನದ ದೊರೆಯೂ ತನ್ನದೊಂದು ಶಿಲುಬೆ, ತನ್ನದೊಂದು ಬಣ್ಣದ ರಿಬ್ಬನ್ ಇಟ್ಟುಕೊಂಡಿದ್ದ. ಅಂದಿನವರಿಗೆ ಇದು ಹುಚ್ಚಾಟವಾಗಿ ಕಂಡಿತ್ತೋ ಏನೋ, ಇಂದು ಹುಡುಕುವವರಿಗೆ ಮಾತ್ರ ದೊಡ್ಡ ಉಪಕಾರ.

ಊಟದ ಎಲೆಯ ಮೇಲೆ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ ಎಂಬುದಕ್ಕೆ ಕ್ರಮವಿರುವಂತೆ ಎದೆಯ ಮೇಲಿನ ಪದಕಗಳಿಗೂ ಕ್ರಮವಿತ್ತು. ನೋಡುವವರ ಎಡಗಡೆಯಿಂದ ಓದಬೇಕು. ಮೊದಲನೆಯ ಮಹಾಯುದ್ಧದ ನಂತರದ ಸಾಲುಗಳಲ್ಲಿ ಸಾಮಾನ್ಯವಾಗಿ ಮೊದಲು ಐರನ್ ಕ್ರಾಸ್, ಆಮೇಲೆ ತನ್ನ ರಾಜ್ಯದ ಗೌರವಗಳು, ಆಮೇಲೆ ಇತರ ಜರ್ಮನ್ ರಾಜ್ಯಗಳದ್ದು, ಕೊನೆಗೆ ವಿದೇಶದ್ದು. ಆದ್ದರಿಂದ ಐರನ್ ಕ್ರಾಸ್ ಪಕ್ಕದಲ್ಲಿ ಬವೇರಿಯಾದ ಮಿಲಿಟರಿ ಗೌರವವಿದ್ದರೆ ಒಡೆಯ ಬವೇರಿಯಾದವನೆಂದು ಹಿಡಿಯಬಹುದು. ಅದೇ ಗೌರವ ಸಾಲಿನ ತುದಿಯ ಹತ್ತಿರವಿದ್ದರೆ, ಬವೇರಿಯಾದವರ ಜೊತೆ ಕೆಲಸ ಮಾಡಿದ ಪರರಾಜ್ಯದವನು. ಐರನ್ ಕ್ರಾಸಿನ ರಿಬ್ಬನ್ ಕೂಡ ಮಾತಾಡುತ್ತದೆ. ಕಪ್ಪು ನೆಲದ ಮೇಲೆ ಬಿಳಿ ಗೆರೆಗಳಿದ್ದರೆ ಅವನು ಹೋರಾಡಿದವನು. ಬಣ್ಣ ತಿರುವುಮುರುವಾಗಿ, ಬಿಳಿಯ ಮೇಲೆ ಕಪ್ಪು ಗೆರೆಗಳಿದ್ದರೆ ರಣರಂಗದ ಹೊರಗೆ ಸೇವೆ ಮಾಡಿದವನು.

ಐರನ್ ಕ್ರಾಸ್ ಒಂದೇ ಇದ್ದರೆ ಹುಡುಕಾಟಕ್ಕೆ ಪ್ರಯೋಜನವಿಲ್ಲ. 1813ರಲ್ಲಿ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೆಂದು ಪ್ರಷ್ಯದ ದೊರೆ ಸ್ಥಾಪಿಸಿದ ಈ ಗೌರವವನ್ನು 1870ರಲ್ಲಿ, 1914ರಲ್ಲಿ, 1939ರಲ್ಲಿ ಮತ್ತೆ ಜಾರಿಗೆ ತಂದರು. ಮೊದಲನೆಯ ಮಹಾಯುದ್ಧವೊಂದರಲ್ಲೇ ಅದರ ಎರಡನೇ ದರ್ಜೆ ಸುಮಾರು ಐವತ್ತು ಲಕ್ಷ ಮಂದಿಗೆ ಹೋಗಿದೆ. ಐವತ್ತು ಲಕ್ಷದಲ್ಲಿ ಒಬ್ಬನನ್ನು ಹುಡುಕುವುದೆಂದರೆ ಹುಡುಕದೇ ಇರುವುದೇ ವಾಸಿ.

ದಾರಿ ತೋರುವುದು ಅದರ ಪಕ್ಕದ ಸಣ್ಣಪುಟ್ಟ ಪದಕಗಳು. 1897ರ ಮಾರ್ಚ್ 22ಕ್ಕೆ ಒಂದನೇ ವಿಲ್‌ಹೆಲ್ಮ್ ಚಕ್ರವರ್ತಿ ಹುಟ್ಟಿ ನೂರು ವರ್ಷವಾಯಿತೆಂದು, ಹಳೆಯ ಯುದ್ಧಗಳಲ್ಲಿ ವಶಪಡಿಸಿಕೊಂಡ ಫಿರಂಗಿಗಳ ಕಂಚನ್ನು ಕರಗಿಸಿ ಒಂದು ಪದಕ ಮಾಡಿಸಿದರು. ಅದು ಸಿಕ್ಕಿದ್ದು ಆಗ ಸೇವೆಯಲ್ಲಿದ್ದವರಿಗೆ ಮತ್ತು ಹಳೆಯ ಯುದ್ಧಗಳ ಯೋಧರಿಗೆ. ಎರಡನೇ ವಿಲ್‌ಹೆಲ್ಮ್ 1898ರಲ್ಲಿ ಜೆರುಸಲೇಮಿಗೆ ಹೋಗಿ ಒಂದು ಚರ್ಚಿನ ಪ್ರತಿಷ್ಠೆಯಲ್ಲಿ ಪಾಲ್ಗೊಂಡ. ಆ ಸಂದರ್ಭಕ್ಕೆಂದು ಬಂದ ಜೆರುಸಲೇಮ್ ಶಿಲುಬೆ ಸಾಲಿನಲ್ಲಿದ್ದರೆ ಹುಡುಕುವ ಬಯಲು ಒಮ್ಮೆಲೇ ಅಂಗಳದಷ್ಟಾಗುತ್ತದೆ, ಯಾಕೆಂದರೆ ಅದು ಆ ಯಾತ್ರೆಗೆ ಸಂಬಂಧಪಟ್ಟವರಿಗೆ ಮಾತ್ರ ಸೀಮಿತ. 1901ರ ಚೀನಾ ಪದಕ ಇನ್ನೊಂದು ಗುರುತು. ಡ್ರ್ಯಾಗನ್ ಮೇಲೆ ಹದ್ದು ನಿಂತ ಚಿತ್ರ ಅದರಲ್ಲಿದೆ. ಕಂಚಿನದ್ದಾದರೆ ಯುದ್ಧಕ್ಕೆ ಹೋದವನದ್ದು, ಉಕ್ಕಿನದ್ದಾದರೆ ಹೋರಾಟದಲ್ಲಿ ಇಲ್ಲದವನದ್ದು. ನೈಋತ್ಯ ಆಫ್ರಿಕಾದ, ಅಂದರೆ ಇಂದಿನ ನಮೀಬಿಯಾದ, ಪದಕಕ್ಕೂ ಇದೇ ಭೇದ. ಅದರ ರಿಬ್ಬನ್ ಮೇಲೆ ಕೆಲವೊಮ್ಮೆ ಅಡ್ಡಪಟ್ಟಿಗಳಿರುತ್ತವೆ. ಅವುಗಳಲ್ಲಿ ವಾಟರ್‌ಬರ್ಗ್, ಒಮಹೆಕೆ, ಹೆರೆರೋಲ್ಯಾಂಡ್ ಎಂದು ಕಾದಾಡಿದ ಜಾಗದ ಹೆಸರೇ ಬರೆದಿರುತ್ತದೆ.

ವಿದೇಶಿ ಗೌರವಗಳಲ್ಲೂ ಒಂದು ಸೂಕ್ಷ್ಮವಿದೆ. ಪ್ರಷ್ಯದ ಕೆಲವು ರೆಜಿಮೆಂಟುಗಳಿಗೆ ಪರದೇಶದ ದೊರೆಗಳು ಗೌರವ ಮುಖ್ಯಸ್ಥರಾಗಿರುತ್ತಿದ್ದರು. ಬರ್ಲಿನ್ನಿನ ಮೊದಲನೇ ಗಾರ್ಡ್ ಗ್ರೆನೇಡಿಯರ್ ರೆಜಿಮೆಂಟಿಗೆ ರಷ್ಯದ ಜಾರ್ ಅಲೆಕ್ಸಾಂಡರನ ಹೆಸರು, ಎರಡನೆಯದಕ್ಕೆ ಆಸ್ಟ್ರಿಯದ ಫ್ರಾನ್ಸ್ ಚಕ್ರವರ್ತಿಯ ಹೆಸರು. ಗಾರ್ಡ್ ಡ್ರಾಗೂನರ ಒಂದು ರೆಜಿಮೆಂಟಿಗೆ ವಿಕ್ಟೋರಿಯಾ ರಾಣಿಯೇ ಮುಖ್ಯಸ್ಥೆ. ಇಂಥ ಸಂಬಂಧವಿದ್ದಲ್ಲಿ ರಾಜರ ಭೇಟಿ, ಉತ್ಸವ ಎಂದು ಅಧಿಕಾರಿಗಳಿಗೆ ಒಂದೊಂದು ಶಿಲುಬೆ ಬೀಳುತ್ತಿತ್ತು. ಕ್ಯಾಪ್ಟನ್ ಒಬ್ಬನ ಸಾಲಿನ ತುದಿಯಲ್ಲಿ ರಷ್ಯದ ಸ್ಟಾನಿಸ್ಲಾಸ್ ಗೌರವ ಕಂಡರೆ ಅನುಭವಸ್ಥರು ಮೊದಲು ತೆರೆಯುವುದು ಅಲೆಕ್ಸಾಂಡರ್ ರೆಜಿಮೆಂಟಿನ ಪುಟವನ್ನು. ಶೌರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ರಾಜ ಬಂದ ದಿನ ಸಾಲಿನಲ್ಲಿ ನೆಟ್ಟಗೆ ನಿಂತಿದ್ದರೆ ಸಾಕಿತ್ತು!

ಈಗ ಒಂದು ಸಾಲನ್ನು ಕಲ್ಪಿಸಿಕೊಂಡು ಓದೋಣ. ಎಡದಿಂದ: ಹೋರಾಟದ ರಿಬ್ಬನ್ನಿನಲ್ಲಿ 1914ರ ಐರನ್ ಕ್ರಾಸ್, ಕತ್ತಿಗಳಿರುವ 1934ರ ಗೌರವ ಶಿಲುಬೆ, ಪ್ರಷ್ಯದ ರೆಡ್ ಈಗಲ್ ನಾಲ್ಕನೇ ದರ್ಜೆ, ಅಧಿಕಾರಿಗಳ 25 ವರ್ಷದ ಸೇವಾಶಿಲುಬೆ, ಕಂಚಿನ ಚೀನಾ ಪದಕ, 1897ರ ಶತಮಾನೋತ್ಸವ ಪದಕ, ಕೊನೆಗೆ ರಷ್ಯದ ಸ್ಟಾನಿಸ್ಲಾಸ್. ಇವನು ಪ್ರಷ್ಯದ ಅಧಿಕಾರಿ. 1897ಕ್ಕೆ ಆಗಲೇ ಸೇನೆಯಲ್ಲಿದ್ದ. 1900–01ರಲ್ಲಿ ಚೀನಕ್ಕೆ ಹೋಗಿದ್ದ. ಮಹಾಯುದ್ಧಕ್ಕೆ ಸ್ವಲ್ಪ ಮೊದಲೋ ಯುದ್ಧದ ಹೊತ್ತಿಗೋ 25 ವರ್ಷ ಸೇವೆ ಮುಗಿಸಿದ್ದ, ಆದರೆ ಇಲ್ಲಿ ಎಚ್ಚರ ಬೇಕು, ಯುದ್ಧದ ವರ್ಷಗಳನ್ನು ಎರಡರಷ್ಟು ಎಣಿಸುವ ಪದ್ಧತಿಯಿತ್ತು. ರೆಡ್ ಈಗಲ್ ನಾಲ್ಕನೇ ದರ್ಜೆ ಸಾಮಾನ್ಯವಾಗಿ ಹಿರಿಯ ಕ್ಯಾಪ್ಟನ್, ಮೇಜರ್ ದರ್ಜೆಯವರಿಗೆ ಬರುತ್ತಿದ್ದುದರಿಂದ 1914ರಲ್ಲಿ ಅವನ ಸ್ಥಾನ ಅಷ್ಟೆತ್ತರದಲ್ಲಿತ್ತೆಂದು ಊಹಿಸಬಹುದು.

ಎಲ್ಲಕ್ಕಿಂತ ಬೆಲೆಬಾಳುವ ಸುಳಿವು ನೋಡಲು ತೀರ ಸಾಧಾರಣವಾದ 1934ರ ಶಿಲುಬೆ. ಆ ವರ್ಷದ ಜುಲೈನಲ್ಲಿ ಅಧ್ಯಕ್ಷ ಹಿಂಡೆನ್‌ಬರ್ಗ್ ಹೆಸರಿನಲ್ಲಿ ಬಂದ ಇದು ಮಹಾಯುದ್ಧದಲ್ಲಿ ಭಾಗವಹಿಸಿದ ಎಲ್ಲರಿಗೂ. ರಣರಂಗದಲ್ಲಿದ್ದವರಿಗೆ ಕತ್ತಿ ಇರುವುದು, ಉಳಿದವರಿಗೆ ಕತ್ತಿ ಇಲ್ಲದ್ದು, ಸತ್ತವರ ಹೆಂಡತಿಗೆ ಅಥವಾ ತಂದೆತಾಯಿಗೆ ಕಪ್ಪು ಬಣ್ಣದ್ದು. ಎಂಬತ್ತು ಲಕ್ಷಕ್ಕೂ ಮೀರಿ ಹಂಚಿದ್ದರಿಂದ ಇಂದು ಅದಕ್ಕೆ ಬೆಲೆಯಿಲ್ಲ. ಆದರೆ ಅದನ್ನು ಅರ್ಜಿ ಹಾಕಿ ಪಡೆಯಬೇಕಿತ್ತು. ಅಂದರೆ ಈ ಸಾಲಿನವನು 1934ರಲ್ಲಿ ಬದುಕಿದ್ದ! ಸಾಲನ್ನು ಹೊಲಿಸಿದ್ದೂ ಆಮೇಲೆಯೇ. ಹಿಟ್ಲರ್ ಕಾಲದ ಸೇನೆ 1936ರಲ್ಲಿ ಶುರುಮಾಡಿದ ಸೇವಾಪದಕ ಇದರಲ್ಲಿ ಇಲ್ಲವಾದ್ದರಿಂದ ಅವನು ಅಷ್ಟರಲ್ಲಿ ನಿವೃತ್ತನಾಗಿ, ಮಾಜಿ ಸೈನಿಕರ ಸಮಾರಂಭಗಳಿಗೆ ಇದನ್ನು ತೊಟ್ಟುಕೊಂಡು ಹೋಗುತ್ತಿದ್ದ ಮುದುಕನಿರಬೇಕು. ಸಾಲಿನಲ್ಲಿ ಇರುವುದರಷ್ಟೇ ಇಲ್ಲದಿರುವುದನ್ನೂ ಓದಬೇಕು ಎನ್ನುವುದು ಇದಕ್ಕೇ.

ಇಷ್ಟು ತಿಳಿದ ಮೇಲೆ ಪುಸ್ತಕಗಳ ಸರದಿ. ಪ್ರಷ್ಯದ ಸೇನೆ ಪ್ರತಿವರ್ಷ ರಾಂಗ್‌ಲಿಸ್ಟೆ ಎಂಬ ಅಧಿಕಾರಿಗಳ ಪಟ್ಟಿಯನ್ನು ಅಚ್ಚು ಹಾಕಿಸುತ್ತಿತ್ತು. ರೆಜಿಮೆಂಟುವಾರು ಹೆಸರುಗಳು, ಪ್ರತಿ ಹೆಸರಿನ ಜೊತೆ ಅವನು ಪಡೆದ ಗೌರವಗಳ ಸಂಕೇತಾಕ್ಷರಗಳು. ಬವೇರಿಯಾ, ಸ್ಯಾಕ್ಸನಿಗಳಿಗೆ ಅವರವರದೇ ಪಟ್ಟಿ. ಎಲ್ಲರಿಗೂ ಹಂಚಿದ ಸ್ಮಾರಕ ಪದಕಗಳಿಗೆ ಅಲ್ಲಿ ಮಹತ್ವವಿರಲಿಲ್ಲ, ಹುಡುಕಬೇಕಾದದ್ದು ರೆಡ್ ಈಗಲ್, ಸ್ಟಾನಿಸ್ಲಾಸ್‌ನಂಥ ಗೌರವಗಳ ಕೂಟವನ್ನು. ನಮ್ಮ ಕಲ್ಪನೆಯ ಸಾಲಿಗೆ 1914ರ ಪಟ್ಟಿಯಲ್ಲಿ ಹೊಂದುವ ಹೆಸರುಗಳನ್ನೆಲ್ಲ ಬರೆದುಕೊಳ್ಳಬೇಕು. ಆಮೇಲೆ ಚೀನಕ್ಕೆ ಹೋದ ಪಡೆಯ ಅಧಿಕಾರಿಗಳೊಂದಿಗೆ ತಾಳೆ ನೋಡಿ ಹೋಗದವರನ್ನು ಹೊಡೆದುಹಾಕಬೇಕು. ನಂತರ 1926ರಲ್ಲಿ ಬಂದ ಎರೆನ್-ರಾಂಗ್‌ಲಿಸ್ಟೆ ತೆಗೆಯಬೇಕು. ಇದು 1914ರ ಸೇನೆಯ ಅಧಿಕಾರಿಗಳು ಮುಂದೆ ಏನಾದರು ಎಂಬುದನ್ನು ದಾಖಲಿಸಿದ ಗ್ರಂಥ, ಯುದ್ಧದಲ್ಲಿ ಮಡಿದವರ ಗುರುತು ಅದರಲ್ಲಿದೆ. ನಮ್ಮವನು 1934ರಲ್ಲಿ ಬದುಕಿದ್ದನಲ್ಲ, ಮಡಿದವರೆಲ್ಲ ಪಟ್ಟಿಯಿಂದ ಹೊರಗೆ. ಒಬ್ಬನೇ ಉಳಿದರೆ ಹಬ್ಬ. ಮೂವರು ಉಳಿದರೆ? ಮೂವರು ಉಳಿದರು ಎಂದೇ ಬರೆಯಬೇಕು. ಈ ವಿದ್ಯೆಯ ಮರ್ಯಾದೆ ಇರುವುದೇ ಅಲ್ಲಿ, ಬಹುಮಂದಿ ಅದನ್ನು ಕಳೆಯುವುದೂ ಅಲ್ಲಿಯೇ.

ವಿಧಾನ ಎಷ್ಟು ಚುರುಕಾಗಬಲ್ಲದು ಎಂಬುದನ್ನು ನೋಡಲು ಟಾಂಗಾದಲ್ಲಿ ಬೆಂಗಳೂರು ಬ್ರಿಗೇಡನ್ನು ಎದುರಿಸಿದ ಪಡೆಯ ದಂಡನಾಯಕನನ್ನೇ ತೆಗೆದುಕೊಳ್ಳೋಣ. ಪಾಲ್ ಫಾನ್ ಲೆಟ್ಟೋ-ಫೋರ್ಬೆಕ್ 1900–01ರಲ್ಲಿ ಚೀನದಲ್ಲಿದ್ದ, 1904ರ ನಂತರ ನೈಋತ್ಯ ಆಫ್ರಿಕಾದಲ್ಲಿದ್ದ, ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿದ್ದ. ಯುರೋಪಿನಲ್ಲಿ ಯುದ್ಧ ನಿಂತು ಎರಡು ವಾರವಾದ ಮೇಲೆ, 1918ರ ನವೆಂಬರ್ 25ರಂದು, ಇಂದಿನ ಜಾಂಬಿಯಾದಲ್ಲಿ ಶರಣಾದ. ಅವನಿಗೆ 1916ರಲ್ಲಿ ಪ್ರಷ್ಯದ ಅತ್ಯುನ್ನತ ಶೌರ್ಯಗೌರವ ಪೂರ್ ಲ ಮೆರೀಟ್ ಬಂತು, ಮರುವರ್ಷ ಅದಕ್ಕೆ ಓಕ್ ಎಲೆಯ ಪದವಿ ಸೇರಿತು. ಮಹಾಯುದ್ಧದಲ್ಲಿ ಈ ಗೌರವ ಪಡೆದವರು 687 ಮಂದಿ, ಓಕ್ ಎಲೆ ಸೇರಿದ್ದು 122 ಮಂದಿಗೆ. ಎಲ್ಲರ ಹೆಸರೂ ದಾಖಲೆಯಲ್ಲಿದೆ. ಈಗ ಹೆಸರನ್ನು ಮುಚ್ಚಿ, ಓಕ್ ಎಲೆಯ ಪೂರ್ ಲ ಮೆರೀಟ್, ಚೀನಾ ಪದಕ, ನೈಋತ್ಯ ಆಫ್ರಿಕಾದ ಪದಕ ಮೂರೂ ಇರುವ ಗುಂಪನ್ನು ಕೊಟ್ಟರೂ ಹುಡುಕುವವನು ಒಂದು ಮಧ್ಯಾಹ್ನದಲ್ಲಿ ಅವನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ದೊಡ್ಡವರನ್ನು ಹುಡುಕುವುದು ಸುಲಭ.

ಕಷ್ಟವಿರುವುದು ಸಾಮಾನ್ಯ ಸೈನಿಕನ ವಿಷಯದಲ್ಲಿ. ಅಚ್ಚಾದ ಪಟ್ಟಿಗಳೆಲ್ಲ ಅಧಿಕಾರಿಗಳದ್ದು. ಸಿಪಾಯಿಯ ಹೆಸರಿದ್ದ ಕಡತಗಳು ಸೇನಾ ದಾಖಲೆಗಳಲ್ಲಿದ್ದವು, ಪ್ರಷ್ಯದವು ಪಾಟ್ಸ್‌ಡಾಮ್‌ನಲ್ಲಿದ್ದವು. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳು ಪಾಟ್ಸ್‌ಡಾಮ್ ಮೇಲೆ ಬಾಂಬು ಸುರಿಸಿದಾಗ ಅಲ್ಲಿನ ಸೇನಾ ದಾಖಲಾಲಯ ಸುಟ್ಟುಹೋಯಿತು. ಯುದ್ಧ ಮುಗಿಯಲು ಉಳಿದಿದ್ದದ್ದು ಮೂರೇ ಮೂರು ವಾರ. ಸಾಮ್ರಾಜ್ಯದ ಅತಿ ದೊಡ್ಡ ಸೇನೆಯ ಲಕ್ಷಾಂತರ ಜನರ ಸೇವೆಯ ವಿವರ ಹೀಗೆ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಮ್ಯೂನಿಕ್‌ನಲ್ಲಿದ್ದ ಬವೇರಿಯಾದ ಕಡತಗಳು ಉಳಿದವು, ಸ್ಟಟ್‌ಗಾರ್ಟ್, ಕಾರ್ಲ್ಸ್‌ರೂಹೆಗಳಲ್ಲೂ ಬಹಳಷ್ಟು ಉಳಿದಿದೆ. ಆದ್ದರಿಂದ ಒಬ್ಬ ಸಿಪಾಯಿಯ ಹೆಸರು ಇಂದು ಸಿಗುವುದೋ ಇಲ್ಲವೋ ಎಂಬುದು ಅವನು ಎಷ್ಟು ಚೆನ್ನಾಗಿ ಹೋರಾಡಿದ ಎಂಬುದರ ಮೇಲೆ ನಿಂತಿಲ್ಲ, ಯಾವ ದೊರೆಯ ಸೇನೆಗೆ ಸೇರಿದ ಎಂಬುದರ ಮೇಲೆ ನಿಂತಿದೆ. ಮ್ಯೂನಿಕ್ ಬಳಿಯ ರೈತನ ಮಗನಾದರೆ ಅವನು ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದ್ದ ಎಂಬುದೂ ಸಿಗಬಹುದು. ಬರ್ಲಿನ್ ಬಳಿಯವನಾದರೆ ಹೆಚ್ಚಿನ ಪಕ್ಷ ಏನೂ ಇಲ್ಲ.

ಪೂರ್ತಿ ಕತ್ತಲೆಯಂತೂ ಅಲ್ಲ. 1914ರಿಂದ 1919ರವರೆಗೆ ಸರಕಾರ ಪ್ರಕಟಿಸಿದ ನಷ್ಟಪಟ್ಟಿಗಳು ಉಳಿದಿವೆ. ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು ಸೇರಿ ಸುಮಾರು 31,000 ಪುಟ, 85 ಲಕ್ಷದಷ್ಟು ನಮೂದುಗಳು. ಜರ್ಮನಿಯ ವಂಶಾವಳಿ ಆಸಕ್ತರ ಸಂಘವೊಂದರ ಸ್ವಯಂಸೇವಕರು ಇವನ್ನೆಲ್ಲ ಕೂತು ಕಂಪ್ಯೂಟರಿಗೆ ಏರಿಸಿ, ಯಾರು ಬೇಕಾದರೂ ಹುಡುಕುವಂತೆ ಮಾಡಿದ್ದಾರೆ. ಸಂಬಳವಿಲ್ಲದ ಆ ದುಡಿಮೆಯ ಮುಂದೆ ಎಷ್ಟೋ ವಿಶ್ವವಿದ್ಯಾಲಯಗಳ ಯೋಜನೆಗಳು ಸಪ್ಪೆ. ಪದಕದ ಗುಂಪಿನ ಜೊತೆ ಗಾಯಗೊಂಡವರಿಗೆ ಕೊಡುತ್ತಿದ್ದ ಬಿಲ್ಲೆ ಇದ್ದರೆ ಅದರ ಒಡೆಯನ ಹೆಸರು ಈ ಪಟ್ಟಿಗಳಲ್ಲಿ ಇರಬೇಕು. ಕಪ್ಪು ಬಿಲ್ಲೆಯಾದರೆ ಒಂದೋ ಎರಡೋ ಗಾಯ, ಬೆಳ್ಳಿಯದ್ದಾದರೆ ಮೂರು ನಾಲ್ಕು, ಚಿನ್ನದ ಬಣ್ಣದ್ದಾದರೆ ಐದು ಅಥವಾ ಹೆಚ್ಚು. ಆದರೆ ಹೆಸರಿನಿಂದ ಪಟ್ಟಿಗೆ ಹೋಗಬಹುದೇ ಹೊರತು ಪಟ್ಟಿಯಿಂದ ಹೆಸರಿಗೆ ಬರಲಾಗದು. ಮೊದಲು ಒಂದು ತುಂಡು ಕಾಗದ ಬೇಕೇ ಬೇಕು. 1934ರ ಶಿಲುಬೆಯ ಪ್ರಮಾಣಪತ್ರವಾದರೂ ಆದೀತು. ಊರಿನ ಪೊಲೀಸ್ ಮುಖ್ಯಸ್ಥನೋ ಜಿಲ್ಲಾ ಅಧಿಕಾರಿಯೋ ಕೊಟ್ಟ ಆ ಪತ್ರದಲ್ಲಿ ಹೆಸರು, ಊರು, ತಾರೀಖು ಇರುತ್ತವೆ.

ಸಾಲಿನ ಬೆನ್ನನ್ನೂ ನೋಡಬೇಕು. ಮೊದಲಿಗೆ ನೋಡಬೇಕು ಎಂದರೂ ತಪ್ಪಲ್ಲ. ಪದಕಗಳನ್ನು ಹೊಲಿದ ಪಟ್ಟಿಯ ಹಿಂದೆ ಉಣ್ಣೆಬಟ್ಟೆಯ ಅಸ್ತರಿರುತ್ತದೆ. ಕೆಲವೊಮ್ಮೆ ಅದರ ಮೇಲೆ ಹೊಲಿದ ಅಂಗಡಿಯ ಚೀಟಿ ಉಳಿದಿರುತ್ತದೆ. ಒಡೆಯ ಯಾವ ಊರಿನ ಛಾವಣಿಯಲ್ಲಿದ್ದನೆಂಬ ಊಹೆಗೆ ಅದು ಆಧಾರ. ರಿಬ್ಬನ್ನಿನ ತೆರೆದ ಭಾಗ ಬಿಸಿಲಿಗೆ ಬಣ್ಣಗೆಟ್ಟಿರಬೇಕು, ಮಡಿಕೆಯೊಳಗಿನ ಭಾಗ ಹೊಸದಾಗಿರಬೇಕು. ಪಕ್ಕದ ಪದಕ ವರ್ಷಗಟ್ಟಲೆ ತಗುಲಿದ ಕಡೆ ಬಟ್ಟೆ ಸವೆದಿರಬೇಕು, ಆ ಸವೆತದ ಆಕಾರಕ್ಕೂ ಪದಕದ ಆಕಾರಕ್ಕೂ ಹೊಂದಬೇಕು. ಹೊಂದದಿದ್ದರೆ ಯಾರೋ ಪದಕ ಬದಲಿಸಿದ್ದಾರೆ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ರಿಬ್ಬನ್ ಅಥವಾ ದಾರ ಬೆಳ್ಳಗೆ ಹೊಳೆದರೆ ಅದು ಎರಡನೆಯ ಮಹಾಯುದ್ಧದ ನಂತರದ ನೂಲು. ಒಂದು ಪದಕ ಬದಲಾಗಿದೆಯೆಂದರೆ ಇಷ್ಟು ಹೊತ್ತು ಮಾಡಿದ ತರ್ಕವೆಲ್ಲ ನೀರಿನಲ್ಲಿ ಹೋಮ. ನಮ್ಮ ಕಲ್ಪನೆಯ ಸಾಲಿನಲ್ಲಿ ಚೀನಾ ಪದಕವನ್ನು ದಲ್ಲಾಳಿಯೇ ತಂದು ಹೊಲಿಸಿದ್ದರೆ ನಾವು ಹುಡುಕಿದ್ದು ಎಂದೂ ಬದುಕಿರದ ಒಬ್ಬ ಮನುಷ್ಯನನ್ನು.

ದಲ್ಲಾಳಿ ಹಾಗೇಕೆ ಮಾಡುತ್ತಾನೆ ಎಂದು ಕೇಳಬೇಕಿಲ್ಲ. ಹೆಸರಿಲ್ಲದ ಸಾಲಿಗಿಂತ ಹೆಸರಿರುವ ಸಾಲಿಗೆ ಬೆಲೆ ಹೆಚ್ಚು, ಆ ಹೆಸರಿನ ಹಿಂದೆ ಒಂದು ಸಾಹಸದ ಕಥೆಯಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಮಾರುಕಟ್ಟೆಯಲ್ಲಿ ಕಾಣುವ ಎಷ್ಟೋ ಹೆಸರುಗಳು ಸಿಕ್ಕಿದವಲ್ಲ, ಹೊಂದಿಸಿದವು. ನನ್ನ ಅಭಿಪ್ರಾಯ ಇಷ್ಟು: ಪದಕದೊಂದಿಗೇ ಹೆಸರಿರುವ ಕಾಗದ ಒಂದೇ ಮನೆಯಿಂದ ಬಂದಿದ್ದರೆ ಗುರುತು ಸಿಕ್ಕಿದೆ ಎನ್ನಬಹುದು. ಪಟ್ಟಿಗಳನ್ನೆಲ್ಲ ಜಾಲಾಡಿ ಒಬ್ಬನೇ ಉಳಿದಿದ್ದರೆ ಬಹುಶಃ ಇಂಥವನದ್ದು ಎನ್ನಬಹುದು, ಆ ಬಹುಶಃವನ್ನು ಬಿಡುವಂತಿಲ್ಲ, ಯಾಕೆಂದರೆ ಪಟ್ಟಿ ಅಚ್ಚಾದ ಮೇಲೆ ಇನ್ನೊಬ್ಬನಿಗೂ ಅದೇ ಗೌರವ ಬಂದಿರಬಹುದು. ಇವೆರಡೂ ಇಲ್ಲದಿದ್ದರೆ ಒಡೆಯ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆದ ಚೀಟಿ ಸುಳ್ಳು ಹೆಸರಿನ ಚೀಟಿಗಿಂತ ಎಷ್ಟೋ ಮೇಲು. ತಪ್ಪು ಹೆಸರೊಂದು ಒಮ್ಮೆ ಹರಾಜಿನ ಪುಸ್ತಕದಲ್ಲಿ ಅಚ್ಚಾದರೆ ಮುಂದಿನವರು ಅದನ್ನೇ ಆಧಾರವೆಂದು ಎತ್ತಿ ಹೇಳುತ್ತಾರೆ.

ಹೆಸರು ಸಿಕ್ಕಿದಾಗ ಸಂಗ್ರಾಹಕರು ಮರೆಯುವ ಇನ್ನೊಂದು ವಿಷಯವಿದೆ. ಹೆಸರಿನ ಜೊತೆ ಆ ಮನುಷ್ಯ ಮಾಡಿದ್ದೂ ಸಿಗುತ್ತದೆ. ಚೀನದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಲು ಹೊರಟ ಸೈನಿಕರಿಗೆ 1900ರ ಜುಲೈನಲ್ಲಿ ಎರಡನೇ ವಿಲ್‌ಹೆಲ್ಮ್ ಯಾರಿಗೂ ಕರುಣೆ ತೋರಬಾರದೆಂದು ಭಾಷಣ ಮಾಡಿ ಕಳಿಸಿದ್ದ. ಅವರಲ್ಲಿ ಬಹುಪಾಲು ಮಂದಿ ಚೀನ ತಲುಪಿದ್ದು ಪೀಕಿಂಗ್‌ನ ಮುತ್ತಿಗೆ ಮುಗಿದ ಮೇಲೆ. ಅವರು ಮಾಡಿದ್ದು ಹಳ್ಳಿಗಳ ಮೇಲಿನ ದಂಡನೆಯ ಯಾತ್ರೆಗಳನ್ನು. ನೈಋತ್ಯ ಆಫ್ರಿಕಾದ ಪದಕದ ಮೇಲಿನ ವಾಟರ್‌ಬರ್ಗ್, ಒಮಹೆಕೆ ಎಂಬ ಪಟ್ಟಿಗಳು ಹೇಳುವುದು 1904ರಲ್ಲಿ ಅಲ್ಲಿನ ಹೆರೆರೋ ಜನರನ್ನು ಹೆಂಗಸರು ಮಕ್ಕಳ ಸಮೇತ ನೀರಿಲ್ಲದ ಮರಳುಗಾಡಿಗೆ ಅಟ್ಟಿದ ಕಥೆಯನ್ನು. 2021ರಲ್ಲಿ ಜರ್ಮನಿಯ ಸರಕಾರವೇ ಅದನ್ನು ಜನಾಂಗಹತ್ಯೆ ಎಂದು ಕರೆದಿದೆ. ಲೆಟ್ಟೋ-ಫೋರ್ಬೆಕ್ ಕೂಡ ಆ ದಂಡಯಾತ್ರೆಯ ನಾಯಕ ಫಾನ್ ಟ್ರೋಟಾನ ಸಿಬ್ಬಂದಿಯಲ್ಲಿದ್ದವನು. ಹರಾಜಿನ ಪುಸ್ತಕಗಳಲ್ಲಿ ಇಂಥ ಪಟ್ಟಿಗಳನ್ನು ಅಪರೂಪದ್ದು ಎಂದಷ್ಟೇ ಬರೆದಿರುತ್ತಾರೆ. ಹಿಟ್ಲರ್ ಕಾಲದ ಪದಕಗಳ ವಿಷಯದಲ್ಲಾದರೆ ಕಾನೂನೇ ನಡುವೆ ಬರುತ್ತದೆ. ಆ ಆಡಳಿತದ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಜರ್ಮನಿಯಲ್ಲಿ ಅಪರಾಧ. ಎರಡನೆಯ ಮಹಾಯುದ್ಧದ ಗೌರವಗಳನ್ನು ಚಿಹ್ನೆ ತೆಗೆದ ರೂಪದಲ್ಲಿ ಮಾತ್ರ ತೊಡಬಹುದೆಂದು 1957ರಲ್ಲಿ ಕಾಯಿದೆಯಾಯಿತು. ಅಂಥ ಕಡಿವಾಣ ಚೀನಾ ಪದಕಕ್ಕಿಲ್ಲ, ಆಫ್ರಿಕಾದ್ದಕ್ಕೂ ಇಲ್ಲ.

ನಮ್ಮ ಕಡೆಗೆ ಬರೋಣ. 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರ ನೆನಪಿಗೆ ನಿಂತಿದ್ದು. ಪ್ಯಾಲೆಸ್ಟೈನ್ ರಂಗದಲ್ಲಿ ತುರ್ಕರ ಜೊತೆ ನಿಂತು ಹೋರಾಡಿದ ಜರ್ಮನರಿಗೆ ತುರ್ಕಿಯ ಸುಲ್ತಾನ ಅರ್ಧಚಂದ್ರವಿರುವ ಕೆಂಪು ನಕ್ಷತ್ರ ಕೊಟ್ಟ. ಹಿಜರಿ 1333 ಎಂಬ ಇಸವಿ ಅದರ ಮೇಲಿದೆ. ಅದನ್ನು ತೊಟ್ಟ ಜರ್ಮನರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಮೈಸೂರಿನ ಸವಾರನ ಪದಕದ ಅಂಚಿನಲ್ಲಿ ಮಾತ್ರ ಅವನ ಹೆಸರು ಇನ್ನೂ ಇದೆ, ಯಾರಾದರೂ ಉಜ್ಜಿ ಅಳಿಸಿರದಿದ್ದರೆ.

ಈ ಕೊನೆಯ ಮಾತನ್ನು ಭಯದಿಂದಲೇ ಹೇಳುತ್ತಿದ್ದೇನೆ. ಬೆಂಗಳೂರು, ಮೈಸೂರು, ಕೊಡಗು, ಕೋಲಾರದ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂಥ ಪದಕಗಳಿವೆ. ನಿಮ್ಮ ಮನೆಯಲ್ಲೂ ಇದ್ದರೆ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಬೇಡಿ. ಬೆಳಕಿಗೆ ಹಿಡಿದು ಅಂಚನ್ನು ನೋಡಿ, ಅಲ್ಲಿರುವ ಅಕ್ಷರಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದಿಡಿ. ಜೊತೆಗಿರುವ ರಿಬ್ಬನ್ ಎಷ್ಟೇ ಹರಿದಿದ್ದರೂ ಬದಲಿಸಬೇಡಿ. ಅಜ್ಜನ ಪಿಂಚಣಿ ಪುಸ್ತಕವೋ ಡಿಸ್ಚಾರ್ಜ್ ಕಾಗದವೋ ಇದ್ದರೆ ಪದಕದ ಜೊತೆಯಲ್ಲೇ ಇಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಮೂರು ಪದಕಗಳನ್ನು ಮೂರು ಮನೆಗೆ ಹಂಚಬೇಡಿ, ಒಬ್ಬರೇ ಇಟ್ಟುಕೊಳ್ಳಲಿ.